ಅಣ್ಣನ ಶ್ರುತಿ

ಕೋವಿಡ್ ಕಳೆದು ಎರಡನೆಯ ವರ್ಷ, ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು. ಸ್ಥಳ ನಂಜನಗೂಡಿನ ಒಂದು ಧರ್ಮಾಸ್ಪತ್ರೆಯ ಹಿಂಬದಿಯಲ್ಲಿರುವ ವಾಕ್ ಚಿಕಿತ್ಸಾ ಕೊಠಡಿ. ಅಲ್ಲಿದ್ದವರು ಮೂವರು: ವಾಕ್ ಚಿಕಿತ್ಸಕಿಯಾದ ನಾನು, ಐವತ್ತೆರಡು ವರ್ಷದ ಗುರುಮಲ್ಲಪ್ಪ, ಅವರ ಹೆಂಡತಿ ಮಹದೇವಮ್ಮ. ನನಗೆ ನಿವೃತ್ತಿಗೆ ಒಂದು ವರ್ಷವಷ್ಟೇ ಉಳಿದಿತ್ತು. ಮಂಗಳವಾರ ಮತ್ತು ಶುಕ್ರವಾರ ನಂಜನಗೂಡು, ಗುರುವಾರ ಟಿ. ನರಸೀಪುರದ ನಮ್ಮ ಶಾಖಾ ಚಿಕಿತ್ಸಾಲಯ. ಈ ಕ್ರಮವನ್ನು ನಾನು ತಪ್ಪಿಸಿದವಳಲ್ಲ.

ಹೊಸ ರೋಗಿ ಬಂದರೆ ಮೊದಲ ಹತ್ತು ನಿಮಿಷ ರೋಗಿಯೇ ಮಾತಾಡಬೇಕು, ಜೊತೆಯಲ್ಲಿ ಬಂದವರು ಸುಮ್ಮನಿರಬೇಕು ಎಂಬುದು ನನ್ನ ಕೊಠಡಿಯ ನಿಯಮ. ಅಂದು ಆ ನಿಯಮ ನಡೆಯಲಿಲ್ಲ. ಗುರುಮಲ್ಲಪ್ಪನವರು ಬಾಯಿ ತೆರೆದರೆ ಹೊರಡುತ್ತಿದ್ದುದು ಬರೀ ಉಸಿರು. ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

“ದನಿ ಓಗ್ಬುಟ್ಟದೆ ಮೇಡಮ್ಮೋರೆ. ಎರಡು ತಿಂಗ್ಳಾಯ್ತು,” ಎಂದರು ಮಹದೇವಮ್ಮ. “ಕಾಳ್ಮೆಣಸು, ಜೇಷ್ಠಮಧು, ಬಿಸ್ನೀರು ಎಲ್ಲಾನೂವೆ ಆಯ್ತು. ನಂಜುಂಡೇಶ್ವರಂಗೆ ಉರುಳುಸೇವೆನೂ ಆಯ್ತು. ಉರುಳ್ದೋಳು ನಾನು, ಇವ್ರಲ್ಲ.”

ನಮ್ಮ ಕಿವಿ-ಮೂಗು-ಗಂಟಲು ವೈದ್ಯರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ ನನ್ನ ಬಳಿಗೆ ಕಳಿಸಿದ್ದರು. ಗಂಟಲಿನೊಳಗೆ ಧ್ವನಿತಂತುಗಳೆಂಬ ಎರಡು ಮಡಿಕೆಗಳಿವೆ. ಅವು ಹತ್ತಿರ ಬಂದು ಕೂಡಿ ಅದುರಿದರೆ ದನಿ. ಗುರುಮಲ್ಲಪ್ಪನವರ ತಂತುಗಳಲ್ಲಿ ಗಂಟು ಇರಲಿಲ್ಲ, ಊತ ಇರಲಿಲ್ಲ, ಪಾರ್ಶ್ವವಾಯುವಿನ ಗುರುತೂ ಇರಲಿಲ್ಲ. ಕೆಮ್ಮಿದಾಗ ಅವು ಸರಿಯಾಗಿ ಕೂಡುತ್ತಿದ್ದವು. ಮಾತಾಡಲು ಹೊರಟರೆ ಮಾತ್ರ ದೂರವೇ ನಿಲ್ಲುತ್ತಿದ್ದವು. ಇದಕ್ಕೆ ಫಂಕ್ಷನಲ್ ಅಫೋನಿಯಾ ಎನ್ನುತ್ತೇವೆ. ಯಂತ್ರ ಕೆಟ್ಟಿರುವುದಿಲ್ಲ, ಆದರೂ ನಡೆಯುವುದಿಲ್ಲ. ಮನಸ್ಸಿಗೆ ಬಿದ್ದ ಪೆಟ್ಟು ಗಂಟಲಲ್ಲಿ ಬಂದು ಕೂತಿರುತ್ತದೆ. ರೋಗಿಗೆ ಅದು ಗೊತ್ತೇ ಇರುವುದಿಲ್ಲ.

“ಒಂದು ಸಲ ಕೆಮ್ಮಿ,” ಎಂದೆ. ಕೆಮ್ಮಿದರು. ಗಟ್ಟಿಯಾದ, ತುಂಬಿದ ದನಿ.

“ಕೇಳಿದಿರಾ? ದನಿ ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದೆ.”

ಹೆಚ್ಚಿನ ರೋಗಿಗಳಿಗೆ ಈ ಮಾತು ಕೇಳಿ ಸಮಾಧಾನವಾಗುತ್ತದೆ. ಇವರು ಎದ್ದು ನಿಂತರು. ಮುಖ ಕೆಂಪಾಗಿತ್ತು. ಉಸಿರಿನಲ್ಲೇ ಅಂದರು: “ಅಂಗಾರೆ ನಾನು ಬೇಕಂತ್ಲೇ ಸುಮ್ನಿವ್ನಿ ಅಂತೀರಾ? ಊರೋರೂ ಅದೇ ಅನ್ನದು.”

ಅವರು ಹಾಲಿನ ಡೈರಿಯ ಕಾರ್ಯದರ್ಶಿ ಎಂದು ಮಹದೇವಮ್ಮ ಬಾಗಿಲಲ್ಲೇ ಹೇಳಿದ್ದು ನೆನಪಾಯಿತು. “ಕೆಚ್ಚಲು ತುಂಬಿರುತ್ತದೆ. ಕರೆಯಲು ಹೊಸಬರು ಕೂತರೆ ಹಸು ಹಾಲು ಬಿಡುವುದಿಲ್ಲ. ಅದು ಬೇಕೆಂದೇ ಮೋಸ ಮಾಡುತ್ತಿದೆ ಅಂತೀರಾ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ನಿಂತೇ ಯೋಚಿಸಿದರು. ಆಮೇಲೆ ಕೂತರು.

ಗುರುಮಲ್ಲಪ್ಪನವರ ಊರು ಹೆಮ್ಮರಗಾಲದ ಕಡೆಯದು. ಹದಿನೆಂಟು ವರ್ಷದಿಂದ ಅಲ್ಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಐದೂವರೆಗೆ ಊರಿನವರು ಕ್ಯಾನು, ತಂಬಿಗೆ ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ಯಂತ್ರಕ್ಕೆ ಹಾಕಿ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ನೋಡಬೇಕು. ಫ್ಯಾಟ್ ಎಂದರೆ ಜಿಡ್ಡು. ಡಿಗ್ರಿ ಹಾಲಿನ ಗಟ್ಟಿತನದ ಅಳತೆ. ನೀರು ಬೆರೆತರೆ ಇಳಿಯುತ್ತದೆ. ಯಂತ್ರ ಚೀಟಿ ಮುದ್ರಿಸುತ್ತದೆ ನಿಜ, ಆದರೆ ಆ ಮಬ್ಬುಬೆಳಕಿನಲ್ಲಿ ಕನ್ನಡಕ ಹುಡುಕಿ ಚೀಟಿ ಓದುವವರಾರು? ಕಾರ್ಯದರ್ಶಿ ಹೆಸರು ಕೂಗಿ ಅಂಕಿ ಹೇಳಬೇಕು, ಸಾಲಿನಲ್ಲಿರುವವರೆಲ್ಲ ಕೇಳಬೇಕು. ಯಾರ ಹಾಲು ಹೇಗಿದೆ ಎಂದು ಊರಿಗೆಲ್ಲ ಗೊತ್ತಾದರೇ ಡೈರಿಯ ಮೇಲೆ ನಂಬಿಕೆ. ಇವರ ದನಿ ಹೋದ ಮೇಲೆ ಸಾಲಿನಲ್ಲಿ ಗುಸುಗುಸು ಶುರುವಾಗಿತ್ತು. ಪಿಸುಮಾತಿನ ಲೆಕ್ಕ ಯಾರಿಗೆ ಬೇಕು ಎಂದರಂತೆ. ಆಡಳಿತ ಮಂಡಳಿಯವರು ಉಗಾದಿಯವರೆಗೆ ಕಾಯುವುದಾಗಿ ಹೇಳಿದ್ದರು. ಅಷ್ಟರಲ್ಲಿ ದನಿ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರು.

“ಡೈರಿ ಓದ್ರೆ ಓಗ್ಲಿ, ಎರಡು ಅಸ ಅವೆ, ಎಂಗೋ ಆಯ್ತದೆ,” ಎಂದರು ಮಹದೇವಮ್ಮ. “ಇವ್ರು ಈಚ್ಗೆ ಜಗಲಿ ಮ್ಯಾಕೂ ಬರಾಕಿಲ್ಲ ಕಣವ್ವ. ಯಾರಾರಾ ಬಂದ್ರೆ ಇತ್ಲಿಗೆ ಓಗ್ಬುಡ್ತಾರೆ. ಅದ್ಕೇ ನಂಗೆ ದಿಗ್ಲು.”

ಚಿಕಿತ್ಸೆ ಕ್ರಮವಾಗಿ ಶುರುಮಾಡಿದೆ. ಕೆಮ್ಮು, ಅದರ ಬಾಲಕ್ಕೆ ಒಂದು ‘ಅ’. ಬಾಯಿಗೆ ನೀರು ತುಂಬಿ ಗಳಗಳ ಮುಕ್ಕಳಿಸುವುದು. ಮುಕ್ಕಳಿಸುವ ಸದ್ದು ನಿಲ್ಲುವ ಮುಂಚೆ ನೀರು ಉಗುಳಿ, ಅದೇ ಉಸಿರಿನಲ್ಲಿ ತುಟಿ ಮುಚ್ಚಿ ‘ಮ್’ ಎನ್ನುವುದು. ಮೂರನೆಯ ವಾರಕ್ಕೆ ‘ಮ್’ ಬಂತು. ಸಣ್ಣದಾಗಿ, ಸ್ಥಿರವಾಗಿ ನಿಂತಿತು. ಆದರೆ ಅದನ್ನು ಮಾತಾಗಿ ತಿರುಗಿಸುವ ಗಳಿಗೆಯಲ್ಲೇ ಹೆಗಲು ಮೇಲೇರುತ್ತಿತ್ತು, ಕತ್ತಿನ ನರಗಳು ಬಿಗಿಯುತ್ತಿದ್ದವು, ದನಿ ಕಡಿದುಹೋಗುತ್ತಿತ್ತು. ಸಂಗೀತ ಕೇಳಿದರೆ ಮನಸ್ಸು ಹಗುರಾಗಬಹುದೆಂದು ಮೊಬೈಲಿಗೆ ಒಂದಷ್ಟು ಕೊಳಲು, ವೀಣೆ ಹಾಕಿಕೊಟ್ಟೆ. ಮುಂದಿನ ಮಂಗಳವಾರ ವಿಚಾರಿಸಿದೆ.

“ಕೊಟ್ಟಿಗೇಲಿ ಕುಂತು ಕೇಳ್ತಾರೆ,” ಎಂದರು ಮಹದೇವಮ್ಮ. “ಅಸ ಚೆನ್ನಾಗಿ ನಿದ್ದೆ ಮಾಡ್ತವೆ. ಇವ್ರು ಮಾಡಾಕಿಲ್ಲ.”

ನನಗೆ ಒಂದು ವಿಷಯ ಕುತೂಹಲ ಹುಟ್ಟಿಸಿತು. ಚಿಕ್ಕವಯಸ್ಸಿನಲ್ಲಿ ನಾನು ನಾಲ್ಕು ವರ್ಷ ವೀಣೆ ಕಲಿತವಳು. ಮೊಬೈಲಿನ ಶ್ರುತಿಪೆಟ್ಟಿಗೆ ಹಾಕಿ ಅವರ ‘ಮ್’ ಎಲ್ಲಿ ನಿಲ್ಲುತ್ತದೆಂದು ನೋಡಿದೆ. ಒಂದನೆಯ ಮನೆಯ ಹತ್ತಿರ ನಿಲ್ಲುತ್ತಿತ್ತು. ಹಾರ್ಮೋನಿಯಂನ ಬಿಳಿ ಕೀಲಿಗಳನ್ನು ನಮ್ಮ ಕಡೆ ಒಂದನೆಯ ಮನೆ, ಎರಡನೆಯ ಮನೆ ಎಂದು ಎಣಿಸುತ್ತಾರೆ. ಅಂಕಿ ಹೆಚ್ಚಿದಷ್ಟೂ ಶ್ರುತಿ ಮೇಲೆ. ಒಂದನೆಯ ಮನೆ ಗಂಡಸಿಗೆ ತೀರಾ ಸಹಜವಾದ ಜಾಗ. ಆದರೆ “ಈಗ ನೀವೇ ಒಂದು ಸ್ವರ ಹಿಡಿಯಿರಿ” ಎಂದರೆ ಅವರು ಆ ಜಾಗ ಬಿಟ್ಟು ಗಂಟಲೆತ್ತಿ ಎಲ್ಲೋ ಮೇಲಕ್ಕೆ ಹಾರಲು ನೋಡುತ್ತಿದ್ದರು. ಅಲ್ಲೇ ಬಿಗಿತ, ಅಲ್ಲೇ ಉಸಿರು. ಯಾರೂ ಕೇಳದ ಎತ್ತರಕ್ಕೆ ಇವರೇಕೆ ಹೋಗುತ್ತಾರೆ?

“ನೀವು ಹಾಡುವವರೇ?” ಎಂದು ಕೇಳಿದೆ. ಅವರು ಮುಖ ಆಚೆಗೆ ತಿರುಗಿಸಿದರು. ಮಹದೇವಮ್ಮನವರು ಬಾಯಿಗೆ ಸೆರಗು ಹಿಡಿದರು. ಆ ದಿನ ಗಂಡನನ್ನು ಔಷಧಿ ಅಂಗಡಿಗೆ ಕಳಿಸಿ ಆಕೆ ಹೇಳಿದ್ದು ಹೀಗೆ.

ಅವರ ಊರಿನಲ್ಲಿ ಬೇಸಾಯಗಾರರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಕೆಲವು ಪಾತ್ರಗಳು ಮನೆತನಕ್ಕೆ ಸೇರಿದವು. ರಾಜನ ಪಾತ್ರ ಇವರ ಮನೆಯದು. ಅದನ್ನು ಇಪ್ಪತ್ತು ವರ್ಷ ಆಡಿದವರು ಗುರುಮಲ್ಲಪ್ಪನವರ ಅಣ್ಣ ಶಿವಮಲ್ಲಪ್ಪ. ಅವರು ದನಿಯೆತ್ತಿದರೆ ಆಚೆ ಊರಿಗೆ ಕೇಳುತ್ತಿತ್ತಂತೆ. ತಮ್ಮ ಅಷ್ಟೂ ವರ್ಷ ಸೇನಾಪತಿಯೋ ದ್ವಾರಪಾಲಕನೋ ಆಗಿ ಗುಂಪಿನ ಹಾಡಿಗೆ ದನಿ ಸೇರಿಸಿದವರು. ಕೋವಿಡ್‌ನ ಎರಡನೆಯ ಅಲೆಯಲ್ಲಿ ಅಣ್ಣ ತೀರಿಕೊಂಡರು. ಆಸ್ಪತ್ರೆಯಿಂದ ನೇರ ಮಣ್ಣಿಗೆ. ತಮ್ಮನಿಗೆ ಮುಖ ನೋಡಲೂ ಆಗಲಿಲ್ಲ. ಕಳೆದ ಕಾರ್ತಿಕದಲ್ಲಿ ಮತ್ತೆ ನಾಟಕ ಕಟ್ಟಿದಾಗ ರಾಜನ ಪಾತ್ರ ತಮ್ಮನಿಗೆ ಬಂತು. ಈಗೆಲ್ಲ ಹಗಲಿನಲ್ಲೇ ಆಟ. ಬೆಳಿಗ್ಗೆ ಹತ್ತೂವರೆಗೆ ಕಿರೀಟ ಇಟ್ಟು ರಂಗಕ್ಕೆ ಬಂದರು. ಮೊದಲ ಹಾಡಿನ ಎತ್ತರದ ಜಾಗದಲ್ಲಿ ದನಿ ಒಡೆಯಿತು.

“ಮಲ್ಲೇಶ ಅಂತ ಒಬ್ಬ ಅವ್ನೆ, ಮುಂದ್ಗಡೆ ಕುಂತಿದ್ದ. ‘ಟೈರು ಪಂಚರಾಯ್ತು ಕಣ್ರಲಾ, ಗಾಳಿ ಒಡೀರಿ’ ಅಂತ ಕೂಗ್ಬುಟ್ಟ. ಜನ ಬಿದ್ದೂ ಬಿದ್ದೂ ನಕ್ರು. ಇವ್ರು ಆಟ ಮುಗಿಯಗಂಟ ನಿಂತಿದ್ರು, ಓಡ್ಬರ್ನಿಲ್ಲ. ಮಾರ್ನೆ ದಿನ ಡೈರಿಗೋಗಿ ಬಾಯ್ ಬುಟ್ರೆ ದನಿಯೇ ಇಲ್ಲ.”

ದನಿ ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತು. ಆದರೂ ಒಂದು ತೊಡಕು ಉಳಿಯಿತು. ಸಭೆಯಲ್ಲಿ ನಗೆಗೀಡಾದವರು ಎಷ್ಟೋ ಜನ. ಎಲ್ಲರ ದನಿಯೂ ಹೋಗುವುದಿಲ್ಲ. ಮೇಷ್ಟ್ರನ್ನು ನೋಡದೆ ಮುಂದುವರಿಯಬಾರದು ಎನಿಸಿತು.

ಮೇಷ್ಟ್ರ ಹೆಸರು ಪುಟ್ಟಸ್ವಾಮಿ. ಟಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಮಗನ ಝೆರಾಕ್ಸ್ ಅಂಗಡಿಯಲ್ಲಿ ಕೂತಿರುತ್ತಾರೆಂದು ತಿಳಿಯಿತು. ಗುರುವಾರ ಊಟದ ಬಿಡುವಿನಲ್ಲಿ ಹೋದೆ. ಎಪ್ಪತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ಗುರುಮಲ್ಲಪ್ಪನವರ ಒಪ್ಪಿಗೆ ಪಡೆದೇ ಬಂದಿದ್ದೇನೆ ಎಂದು ಮೊದಲು ಹೇಳಿದೆ. ಅವರ ಗಂಟಲಿಗೆ ಮೀರಿದ ಶ್ರುತಿಯಲ್ಲಿ ಹಾಡಿಸಿದ್ದೇಕೆ ಎಂದು ಸ್ವಲ್ಪ ಗಡಸಾಗಿಯೇ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ.

“ನಾನೇ ಯೋಳ್ದೆ ತಾಯಿ. ‘ನಿಮ್ಮಣ್ಣನ್ ಗಂಟ್ಲು ಬ್ಯಾರೆ, ನಿನ್ ಗಂಟ್ಲು ಬ್ಯಾರೆ ಕಣಪ್ಪ, ಇಳುಸ್ಕೊಳವ’ ಅಂತ. ಕೇಳ್ನಿಲ್ಲ. ‘ಅಣ್ಣನ ಪಾತ್ರ ಕಟ್ಟಿ ಅಣ್ಣನ ಶ್ರುತಿ ಬುಡದಾ ಮೇಷ್ಟ್ರೆ? ಅಣ್ಣನ್ನೇ ಬುಟ್ಟಂಗಲ್ವಾ?’ ಅಂದ. ಆಮ್ಯಾಕೆ ನಾನು ಏನ್ ಯೋಳ್ಳಿ? ನಮ್ಮಲ್ಲಿ ಪಾತ್ರ ಬಂದ್ರೆ ಅದರ ಶ್ರುತಿನೂ ಸಂಗ್ಡವೇ ಬತ್ತದೆ. ಕಿರೀಟ ಬಂದಂಗೆ.”

“ಅಣ್ಣನ ಶ್ರುತಿ ಎಷ್ಟು?”

“ಐದು. ಅಂತಾ ಗಂಟ್ಲು ಈ ಸುತ್ತಿಗೇ ಇರ್ನಿಲ್ಲ.”

ಒಂದನೆಯ ಮನೆಯಲ್ಲಿ ಸುಖವಾಗಿ ನಿಲ್ಲುವ ದನಿಯನ್ನು ಆ ಮನುಷ್ಯ ಮೂರು ತಿಂಗಳು ಐದನೆಯ ಮನೆಗೆ ಎಳೆದಿದ್ದರು. ಬೇರೆಯವರ ಬಲವಂತಕ್ಕಲ್ಲ, ಕಾಣದೆ ಹೋದ ಅಣ್ಣನನ್ನು ಹಿಡಿದಿಟ್ಟುಕೊಳ್ಳಲು. ದನಿ ಒಡೆದಾಗ ಜನ ನಕ್ಕದ್ದು ಅವರಿಗೆ ತಮ್ಮ ಮೇಲಿನ ನಗೆಯಾಗಿ ಕೇಳಲಿಲ್ಲ. ಅಣ್ಣನ ಹೆಸರು ಕೆಡಿಸಿದೆ ಎಂದು ಕೇಳಿತು.

ಮರುದಿನ ಶುಕ್ರವಾರ. ನಮ್ಮಲ್ಲಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆಗೆ ಎಲ್ಲವನ್ನೂ ತಿಳಿಸಿದೆ. ಅವರು ಕೆಲಸ ಹಂಚಿದರು. “ಅಣ್ಣನ ಸಾವಿನ ಮಾತು ನನ್ನ ಹತ್ತಿರ ಆಡಲಿ. ನೀವು ಗಂಟಲು ನೋಡಿಕೊಳ್ಳಿ. ಎರಡನ್ನೂ ಒಬ್ಬರೇ ಎಳೆದರೆ ದಾರ ಹರಿಯುತ್ತದೆ.” ಅಂದಿನಿಂದ ಗುರುಮಲ್ಲಪ್ಪ ವಾರಕ್ಕೆ ಎರಡು ದಿನ ಬಂದರು. ಶುಕ್ರವಾರ ಮನೋವೈದ್ಯೆಯ ಕೊಠಡಿಯಲ್ಲಿ ಏನಾಯಿತೋ ನನಗೆ ತಿಳಿಯದು, ಕೇಳಲೂ ಇಲ್ಲ. ಒಂದು ಶುಕ್ರವಾರ ಹೊರಗೆ ಬಂದಾಗ ಕಣ್ಣು ಊದಿದ್ದವು. ಅಂದು ಮಾತ್ರ ಹೆಂಡತಿಯನ್ನು ಹಿಂದೆ ಬಿಟ್ಟು ತಾವೇ ಮುಂದಾಗಿ ಬಸ್ಸಿಗೆ ನಡೆದರು.

ಗಂಟಲಿನ ಕೆಲಸಕ್ಕೆ ನನಗೆ ಹಾರ್ಮೋನಿಯಂ ಬೇಕಿತ್ತು. ಮೊಬೈಲಿನ ಶ್ರುತಿ ಅವರಿಗೆ ಒಗ್ಗಲಿಲ್ಲ. ಅವರ ಕಿವಿ ಬಲ್ಲದ್ದು ಮೇಷ್ಟ್ರ ಪೆಟ್ಟಿಗೆಯನ್ನು. ಮೇಷ್ಟ್ರಿಗೆ ಫೋನು ಮಾಡಿದೆ.

“ಆಸ್ಪತ್ರೆಗಾ? ಬ್ಯಾಡ ತಾಯಿ. ನಾನು ಬಾರ್ಸುದ್ರೆ ನಿಮ್ ರೋಗಿಗಳೆಲ್ಲ ಎದ್ದು ಓಡ್ತಾರೆ.”

“ಎದ್ದು ಓಡುವಷ್ಟು ಶಕ್ತಿ ಬಂದರೆ ನಮಗೆ ಒಳ್ಳೆಯದೇ. ಮಂಗಳವಾರ ಹತ್ತು ಗಂಟೆಗೆ ಬನ್ನಿ.”

ಹತ್ತಕ್ಕೆ ಐದು ನಿಮಿಷವಿರುವಾಗ ಆಟೋದಲ್ಲಿ ಹಾರ್ಮೋನಿಯಂ ಇಳಿಯಿತು. ಅದರ ಹಿಂದೆ ಮೇಷ್ಟ್ರು. ಮದುವೆಗೆ ಬಂದವರಂತೆ ಜರಿಯಂಚಿನ ಶಲ್ಯ ಹೊದ್ದಿದ್ದರು. ಕಿಟಕಿಯ ಹೊರಗೆ ಜನ ಸೇರತೊಡಗಿದರು. ಕಿಟಕಿ ಮುಚ್ಚಿದೆ. ಗುರುಮಲ್ಲಪ್ಪನವರು ಮೇಷ್ಟ್ರನ್ನು ನೋಡಿ ಕೈ ಮುಗಿದು ತಲೆ ತಗ್ಗಿಸಿದರು. ಆಟದ ದಿನದಿಂದ ಇಬ್ಬರೂ ಭೇಟಿಯಾಗಿರಲಿಲ್ಲ.

“ಏನಪ್ಪಾ ಮಹಾರಾಜ,” ಎಂದರು ಮೇಷ್ಟ್ರು, “ನನ್ ಮುಖ ನೋಡ್ದೆ ಇರಂಗೆ ಏನಾಗದೆ ನಿಂಗೆ? ಆವತ್ತು ನಂದೂ ಎರಡ್ ಸ್ವರ ತಪ್ಪಿತ್ತು. ಅದ ಯಾರೂ ಕೇಳಿಸ್ಕನ್ನಿಲ್ಲ, ನಿನ್ನ ನೋಡ್ತಾ ಕುಂತಿದ್ರಲ್ಲ.”

ನನ್ನ ಯೋಜನೆ ಸರಳ. ಒಂದನೆಯ ಮನೆಯ ಸ್ವರ ಹಿಡಿಯುವುದು, ಅದರ ಮೇಲೆ ‘ಮ್’, ಅಲ್ಲಿಂದ ‘ಆ’, ಅಲ್ಲಿಂದ ಒಂದು ಮಾತು. ಮೇಷ್ಟ್ರು ತಿದಿ ಒತ್ತಿದರು. ಒಂದನೆಯ ಮನೆ ಮೊಳಗಿತು. ಗುರುಮಲ್ಲಪ್ಪ ತಲೆಯಾಡಿಸಿ ಬೇಡವೆಂದರು. ಅದು ತಮ್ಮದಲ್ಲ, ಇಳಿದದ್ದು ಎಂಬಂತೆ. ಹೆಗಲು ಮೇಲೇರಿತು. ಶ್ರುತಿ ಹಿಡಿಯುವಾಗ ಯಾರಾದರೂ ಮಾಡುವಂತೆ ಮೇಷ್ಟ್ರು ರೂಢಿಯಿಂದ ‘ಸ’ ಸ್ವರಕ್ಕೆ ಪಂಚಮವನ್ನು, ಅಂದರೆ ‘ಪ’ ಸ್ವರವನ್ನು ಸೇರಿಸಿದರು. ಎರಡು ಸ್ವರಗಳು ಒಟ್ಟಿಗೆ ತುಂಬಿಕೊಂಡವು.

ಗುರುಮಲ್ಲಪ್ಪ ತಟ್ಟನೆ ತಲೆಯೆತ್ತಿದರು. ಬೆರಳು ತೋರಿಸಿ ಪಿಸುಗುಟ್ಟಿದರು: “ಅದು... ಅದು ಅಣ್ಣನ್ದಲ್ವಾ ಮೇಷ್ಟ್ರೆ?”

ಮೇಷ್ಟ್ರು ತಮ್ಮ ಬೆರಳನ್ನೇ ನೋಡಿಕೊಂಡರು. “ಊಂ ಕಣಪ್ಪ. ಐದನೇ ಮನೆ. ಒಂದಕ್ಕೆ ಐದೇ ಅಲ್ವಾ ಪಂಚಮ? ನೀ ಕೆಳಗ್ ಕುಂತ್ರೂ ಅವ್ನು ಮ್ಯಾಲೆ ನಿಂತೇ ಇರ್ತಾನೆ. ನಾನೇನ್ ತಗ್ದಾಕ್ನಿಲ್ವಲ್ಲ.”

ಸಂಗೀತ ಬಲ್ಲವರಿಗೆ ಇದು ಮೊದಲ ಪಾಠ. ‘ಸ’ ಜೊತೆ ‘ಪ’ ನಿಂತರೆ ಒಂದಕ್ಕೊಂದು ಆಸರೆ. ತಂಬೂರಿಯ ತಂತಿಗಳನ್ನು ಕೂಡಿಸುವುದೇ ಹಾಗೆ. ನಾನೂ ಕಲಿತಿದ್ದೆ. ಆದರೆ ಅಣ್ಣನ ‘ಸ’ ತಮ್ಮನಿಗೆ ‘ಪ’ ಆಗುತ್ತದೆಂದು ನನಗೆ ಹೊಳೆದಿರಲಿಲ್ಲ. ಮೇಷ್ಟ್ರಿಗೂ ಹೊಳೆದಿರಲಿಲ್ಲ. ಅಂದು ಅದು ಯೋಜನೆಯ ಹೊರಗೆ ಬಂದದ್ದು.

ಮೇಷ್ಟ್ರು ತಿದಿ ಒತ್ತುತ್ತಲೇ ಇದ್ದರು. ಗುರುಮಲ್ಲಪ್ಪ ಕಣ್ಣು ಮುಚ್ಚಿ ಕೇಳಿದರು. ಹೆಗಲು ನಿಧಾನವಾಗಿ ಇಳಿಯಿತು. ‘ಮ್’ ಎಂದರು. ಒಂದನೆಯ ಮನೆಯಲ್ಲೇ ನಿಂತಿತು. ನಾನು ಕೈ ತೋರಿಸಿದೆ. ಬಾಯಿ ತೆರೆದರು. ‘ಆ’ ಬಂತು. ಒಡೆಯಲಿಲ್ಲ.

ಈಗ ಮಾತು. ಹಾಡು ಕೊಡಬಾರದು, ಹಾಡಿನಲ್ಲೇ ಪೆಟ್ಟು ಬಿದ್ದಿತ್ತು. ಅವರ ನಾಲಿಗೆ ಯೋಚಿಸದೆ ಹೇಳಬಲ್ಲ ಮಾತು ಬೇಕು. “ಬೆಳಿಗ್ಗೆ ಸಾಲಿನಲ್ಲಿ ಮೊದಲು ಯಾರು ಬರುತ್ತಾರೆ? ಅವರ ಹೆಸರನ್ನು ಇದೇ ಸ್ವರದಲ್ಲಿ ಕೂಗಿ. ಹಾಡಬೇಡಿ, ಕೂಗಿ,” ಎಂದೆ.

“ಚಿಕ್ಕತಾಯಮ್ಮಾ... ನಾಕು ಪಾಯಿಂಟ್ ಒಂದು!”

ಕೊಠಡಿ ತುಂಬುವ ದನಿ. ಮೂರು ತಿಂಗಳು ಬಳಸದಿದ್ದುದರ ಕರಕರ ಸ್ವಲ್ಪ ಇತ್ತು, ಅಷ್ಟೇ. ಮೊದಲು ಬಾಯಿಬಿಟ್ಟವರು ಮಹದೇವಮ್ಮ.

“ಅಯ್ ನನ್ ಶಿವ್ನೆ! ಇಷ್ಟ್ ದಿಸ ಸೇವೆ ಮಾಡ್ದೋಳು ನಾನು, ಉರುಳ್ದೋಳು ನಾನು. ಬಾಯ್ ಬುಟ್ಟೇಟ್ಗೆ ಕರ್ದಿದ್ದು ಚಿಕ್ಕತಾಯಮ್ಮನ್ನಾ?”

ಗುರುಮಲ್ಲಪ್ಪ ನಕ್ಕರು. ನಗುವಿಗೂ ದನಿಯಿತ್ತು. ಆಮೇಲೆ ಅದು ಅಳುವಾಯಿತು, ಅದಕ್ಕೂ ದನಿಯಿತ್ತು. ನಾನು ತಡೆಯಲಿಲ್ಲ. ನೀರಿನ ಲೋಟ ಮುಂದಿಟ್ಟು ಕಾದೆ.

ಓದುಗರು ಇಲ್ಲಿಗೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಕೊಠಡಿಯೊಳಗೆ ಬಂದ ದನಿ ಆಸ್ಪತ್ರೆಯ ಗೇಟು ದಾಟುವ ಮುಂಚೆ ಮತ್ತೆ ಹೋಯಿತು. ಯಾರೋ ಪರಿಚಯದವರು “ಏನ್ ಗುರುಮಲ್ಲಣ್ಣ” ಅಂದರಂತೆ, ಉತ್ತರವಾಗಿ ಬಂದದ್ದು ಉಸಿರು. ಇದು ಸಾಮಾನ್ಯ. ಚಿಕಿತ್ಸಕರ ಎದುರು ಬಂದದ್ದನ್ನು ಲೋಕದ ಎದುರು ನಿಲ್ಲಿಸುವುದೇ ನಮ್ಮ ವೃತ್ತಿಯ ಉದ್ದದ ಭಾಗ. ಗಂಟಲು ಒಂದೇ ದಿನದಲ್ಲಿ ಕಲಿತರೂ ಆತ್ಮವಿಶ್ವಾಸ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಮೊದಲು ಹಾರ್ಮೋನಿಯಂ ಇಲ್ಲದೆ ನನ್ನೊಡನೆ ಮಾತು. ಆಮೇಲೆ ಕೊಠಡಿಯಿಂದ ಮನೆಗೆ ಫೋನು. ಆಮೇಲೆ ನಾನು ಮೇಲ್ವಿಚಾರಕರ ಅನುಮತಿ ಪಡೆದು ಅವರನ್ನು ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಲ್ಲಿಸಿದೆ. ಕೆಲಸ, ಟೋಕನ್ ಸಂಖ್ಯೆ ಕೂಗುವುದು. ಮೊದಲ ದಿನ ಐದೇ ಸಂಖ್ಯೆ. ಮೂರನೆಯದಕ್ಕೆ ದನಿ ಸಣ್ಣಗಾಯಿತು. ಬೆಂಚಿನ ಮೇಲಿದ್ದ ಮುದುಕಿಯೊಬ್ಬರು ಗದರಿದರು: “ವಸಿ ಜೋರಾಗಿ ಕೂಗ್ಲಾ ಮಗ, ಮದ್ವೆ ಮನೆ ಗಂಡ್ನಂಗೆ ನಾಚ್ಕತೀಯ!”

ಜೋರು ಎಂದ ಕೂಡಲೇ ಅವರ ಗದ್ದ ಮೇಲೇರಿತು. ಮತ್ತೆ ಐದನೆಯ ಮನೆ! ನಾನು ಹಿಂದಿನಿಂದ ಹೊಟ್ಟೆಯ ಕಡೆ ಕೈ ತೋರಿಸಿದೆ. ಜೋರು ಮಾಡುವುದು ಬೇರೆ, ಮೇಲೇರುವುದು ಬೇರೆ. ಜೋರಿಗೆ ಬೇಕಾದದ್ದು ಉಸಿರು ಮತ್ತು ತೆರೆದ ಬಾಯಿ, ಎತ್ತಿದ ಗಂಟಲಲ್ಲ. ನಮ್ಮಲ್ಲಿ ಹೆಚ್ಚಿನವರು ಎರಡನ್ನೂ ಒಂದೆಂದೇ ತಿಳಿದಿದ್ದಾರೆ. ಅವರು ಉಸಿರೆಳೆದು ಅದೇ ಮನೆಯಲ್ಲಿ ಕೂಗಿದರು. ಮುದುಕಿ ಎದ್ದು ಒಳಗೆ ಹೋದರು. ಮೂರು ವಾರ ಕಳೆಯುವಷ್ಟರಲ್ಲಿ ಬೆಳಗಿನ ಟೋಕನ್ನುಗಳೆಲ್ಲ ಅವರವೇ ಆದವು. ಅವರು ಬಾರದ ದಿನ ನಮ್ಮ ಆಯಾ, “ಆ ಗಟ್ಟಿ ದನಿ ಅಣ್ಣ ಎಲ್ಲಿ?” ಎಂದು ಕೇಳಿದಳು. ಅದನ್ನು ಮರೆಯದೆ ಗುರುಮಲ್ಲಪ್ಪನವರಿಗೆ ತಲುಪಿಸಿದೆ. ಅವರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಉಳಿದದ್ದು ಡೈರಿ. ಉಗಾದಿಯ ಹಿಂದಿನ ಗುರುವಾರ ಬೆಳಿಗ್ಗೆ ಅವರು ಅಲ್ಲಿ ನಿಲ್ಲುವುದೆಂದು ನಿಶ್ಚಯವಾಯಿತು. ನಾನು ಟಿ. ನರಸೀಪುರಕ್ಕೆ ಹೋಗುವ ಆಸ್ಪತ್ರೆಯ ಜೀಪನ್ನು ಮುಂಚೆಯೇ ಹೊರಡಿಸಿ ಅವರ ಊರಿನ ದಾರಿ ಹಿಡಿಸಿದೆ. ಐದೂಕಾಲಿಗೆ ಅಲ್ಲಿದ್ದೆ. ದೂರದಲ್ಲಿ, ಬೇವಿನ ಮರದ ಕೆಳಗೆ ಮಹದೇವಮ್ಮನವರ ಪಕ್ಕ ನಿಂತೆ. ಮಂಡಳಿಯ ಅ‌ಧ್ಯಕ್ಷರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾಲಿನಲ್ಲಿ ಮೂವತ್ತು ನಲವತ್ತು ಜನ. ಎಲ್ಲರಿಗೂ ವಿಷಯ ಗೊತ್ತಿತ್ತು. ಮಹದೇವಮ್ಮನವರು ನನ್ನ ಮುಂಗೈ ಹಿಡಿದುಕೊಂಡರು. ಬಳೆಗಳು ಒತ್ತಿದವು.

ಯಂತ್ರ ಗುಂಯ್ಗುಟ್ಟಿತು. ಗುರುಮಲ್ಲಪ್ಪ ಚೀಟಿ ಹಿಡಿದು ಬೆಳಕಿಗೆ ತಿರುಗಿಸಿದರು. ಒಂದು ಉಸಿರು ತೆಗೆದುಕೊಂಡರು. ಹೆಗಲು ಮೇಲೇರಲಿಲ್ಲ.

ಚಿಕ್ಕತಾಯಮ್ಮನ ಹೆಸರು ಸಾಲಿನ ಕೊನೆಯವರೆಗೂ ಹೋಯಿತು. ಎರಡನೆಯವರದು, ಮೂರನೆಯವರದು. ಏಳನೆಯವನೋ ಎಂಟನೆಯವನೋ ಮಲ್ಲೇಶ. ಕ್ಯಾನು ಕೆಳಗಿಟ್ಟು ಸುತ್ತಲೂ ನೋಡಿ ಹಲ್ಲು ಕಿರಿದ.

“ಏನ್ ಗುರುಮಲ್ಲಣ್ಣ, ದನಿ ಬಂದದೆ ಸೈ. ಆದ್ರೆ ಶಿವಮಲ್ಲಣ್ಣನ್ದಂಗಿಲ್ಲ ಬುಡು. ವಸಿ ಏರ್ಸು, ನೋಡವ!”

ತಮಾಷೆಗೆ ಅಂದ ಮಾತು, ಆದರೆ ನೇರ ಗಾಯದ ಮೇಲೆ ಬಿದ್ದಿತ್ತು. ಗುರುಮಲ್ಲಪ್ಪ ಅವನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಟಿ ನೋಡಿದರು. ಅವಸರ ಮಾಡಲಿಲ್ಲ.

“ಅಣ್ಣನ್ದು ಅಣ್ಣಂಗೆ ಕಣ್ಲಾ. ನಂದು ಇಷ್ಟೇ,” ಎಂದರು ಅದೇ ತುಂಬಿದ, ಇಳಿದ ದನಿಯಲ್ಲಿ. “ಮಲ್ಲೇಶ, ಫ್ಯಾಟು ಮೂರು ಪಾಯಿಂಟ್ ಒಂದು. ಡಿಗ್ರಿ ಇಪ್ಪತ್ನಾಕು. ಏರ್ಸದಾದ್ರೆ ಮೊದ್ಲು ಇದ ಏರ್ಸು.”

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಚಿಕ್ಕತಾಯಮ್ಮ, “ಬಾವಿಗೂ ಒಂದ್ ಬಿಡುವು ಕೊಡ್ಲಾ ಮಲ್ಲೇಶ!” ಎಂದರು. ಮಲ್ಲೇಶನೂ ತಲೆ ಕೆರೆದುಕೊಂಡು ನಕ್ಕ. ಅಧ್ಯಕ್ಷರು ಕುರ್ಚಿಯಿಂದೆದ್ದು ಪಂಚೆ ಕೊಡವಿ, “ನಡೀಲಿ ನಡೀಲಿ, ಒತ್ತಾಯ್ತದೆ, ಮುಂದಿನೋರ್ದು ಓದು ಗುರುಮಲ್ಲಪ್ಪ,” ಎಂದು ಮನೆಯ ಕಡೆ ನಡೆದರು. ಬೇರೆಯವರನ್ನು ನೇಮಿಸುವ ಮಾತು ಅಲ್ಲಿಗೆ ಮುಗಿಯಿತು.

ಮಹದೇವಮ್ಮ ನನ್ನ ಕೈ ಬಿಟ್ಟರು. ಕಾಫಿಗೆ ಬರಲೇಬೇಕೆಂದರು. ಎಂಟೂವರೆಗೆ ಟಿ. ನರಸೀಪುರದಲ್ಲಿ ಮೊದಲ ರೋಗಿ ಇದ್ದಾರೆ ಎಂದೆ. ಕಾಫಿ ಜೀಪಿಗೇ ಬಂತು.

ರಾಜನ ಪಾತ್ರವನ್ನು ಗುರುಮಲ್ಲಪ್ಪ ಮತ್ತೆ ಆಡಿದರೇ ಎಂದು ಕೇಳುವವರಿದ್ದಾರೆ. ಮೇಷ್ಟ್ರು ಒಂದನೆಯ ಮನೆಯಲ್ಲಿ ಆಡಿಸಲು ಸಿದ್ಧರಿದ್ದರು. ಇವರು ನೋಡೋಣ ಎಂದಿದ್ದರು. ಮರುವರ್ಷ ನಾನು ನಿವೃತ್ತಳಾಗಿ ಮೈಸೂರಿಗೆ ಬಂದೆ. ಮುಂದೆ ವಿಚಾರಿಸಲಿಲ್ಲ. ರಂಗಕ್ಕೆ ಹೋಗುವುದೂ ಬಿಡುವುದೂ ಈಗ ಅವರಿಗೆ ಸೇರಿದ್ದು.

ಮೂವತ್ತು ವರ್ಷ ನಾನು ಜನರ ದನಿಯನ್ನು ಗಟ್ಟಿಮಾಡುವುದು, ಏರಿಸುವುದು, ತಿದ್ದುವುದು ಕಲಿಸಿದೆ. ಈ ಒಂದು ಪ್ರಕರಣದ ಬಳಿಕ ನನ್ನ ಕ್ರಮದಲ್ಲಿ ಒಂದು ಪ್ರಶ್ನೆ ಸೇರಿಕೊಂಡಿತು: ಈ ಮನುಷ್ಯ ಯಾರ ಶ್ರುತಿಯಲ್ಲಿ ಮಾತಾಡಲು ಹೊರಟಿದ್ದಾನೆ? ಅದು ತಿಳಿಯುವವರೆಗೆ ವ್ಯಾಯಾಮ ಕೊಟ್ಟು ಫಲವಿಲ್ಲ. ಸಂಗೀತ ತನ್ನಷ್ಟಕ್ಕೆ ಔಷಧಿಯೆಂದು ನಾನು ಹೇಳಲಾರೆ. ಅದೇ ಸಂಗೀತ ಈ ಮನುಷ್ಯನ ದನಿ ಕಸಿದಿತ್ತು. ನಿಲ್ಲಲು ತನ್ನದೇ ಜಾಗ ಸಿಕ್ಕವನಿಗೆ ಅದು ಆಸರೆಯಾಗುತ್ತದೆ, ಅಷ್ಟು ಬಲ್ಲೆ.

ಡೈರಿಗೆ ಹೋಗಿಬಂದ ಆ ಗುರುವಾರ ಟಿ. ನರಸೀಪುರದಲ್ಲಿ ಕೊನೆಯ ರೋಗಿ ಮುಡುಕುತೊರೆ ಕಡೆಯ ಶಾಲೆಯೊಂದರ ಶಿಕ್ಷಕಿ. ದನಿ ಕಟ್ಟಿ ತಿಂಗಳಾಗಿತ್ತು. ದಿನವೂ ಬೆಳಿಗ್ಗೆ ಮಕ್ಕಳಿಗೆ ಪ್ರಾರ್ಥನೆ ಹೇಳಿಸುತ್ತಾರಂತೆ. ಯಾರ ಶ್ರುತಿಯಲ್ಲಿ ಎಂದು ಕೇಳಿದೆ. ಆಕೆ ವಿಚಿತ್ರವಾಗಿ ನೋಡಿ, “ಮೈಕಿನಲ್ಲಿ ರೆಕಾರ್ಡ್ ಹಾಕ್ತೀವಲ್ಲ ಮೇಡಂ, ಅದ್ರ ಜೊತೆಗೆ. ತುಂಬಾ ಮೇಲಿದೆ, ಆದ್ರೂ ಹಾಡ್ತೀನಿ,” ಎಂದರು. ಮುಂದಿನ ವಾರದಿಂದ ರೆಕಾರ್ಡು ಬೇಡ ಎಂದೆ. ಅವರಿಂದ ‘ಮ್’ ಎನ್ನಿಸಿ, ಅದು ಎಲ್ಲಿ ಸುಖವಾಗಿ ನಿಲ್ಲುತ್ತದೆಂದು ಶ್ರುತಿಪೆಟ್ಟಿಗೆಯಲ್ಲಿ ನೋಡಿ ತೋರಿಸಿಕೊಟ್ಟು, ಮುಂದಿನ ಗುರುವಾರಕ್ಕೆ ಬರಹೇಳಿ, ನಾಲ್ಕೂವರೆಗೆ ಕೊಠಡಿಗೆ ಬೀಗ ಹಾಕಿದೆ.